ಕಾರ್ ಪಾಲಿಶ್ ಮಾಡ್ಸಿದ್ಮೇಲೆ ಮೈಲೇಜ್ ಜಾಸ್ತಿ ಬರ್ತಿದೆ, ಇದು ನಿಜವಾಗ್ಲೂ ಪಾಲಿಶ್‌ನಿಂದಾನಾ?

ಹಾಸನದ_ಸ್ಟೇರಿಂಗ್:

ಎಲ್ರಿಗೂ ನಮಸ್ಕಾರ. ನಂದು 2018ರ ಸ್ವಿಫ್ಟ್ ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತಗೊಂಡು ಒಂದೂವರೆ ವರ್ಷ ಆಯ್ತು. ವಾರ ಪೂರ್ತಿ ಬೆಂಗಳೂರಲ್ಲಿ ಮನೆ-ಆಫೀಸು, ಹದಿನೈದು ದಿನಕ್ಕೊಮ್ಮೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಊರಿಗೆ. ತಗೊಂಡಾಗಿಂದ ಬಣ್ಣ ಮಂಕಾಗಿತ್ತು, ಬಾನೆಟ್ ಮೇಲೆ ಕೈ ಆಡಿಸಿದ್ರೆ ಮರಳು ಕಾಗದ ಮುಟ್ಟಿದ ಹಾಗೆ ಒರಟೊರಟು. ಜೂನ್ ಮೊದಲ್ನೇ ವಾರ ಮನೆ ಹತ್ರದ ಒಂದು ಡೀಟೇಲಿಂಗ್ ಅಂಗಡೀಲಿ ಕಾಂಪೌಂಡ್ (ಬಣ್ಣದ ಮೇಲ್ಪದರ ಕೆರೆಯೋ ಪೇಸ್ಟ್) ಹೊಡ್ಸಿ ಪಾಲಿಶ್, ವ್ಯಾಕ್ಸ್ ಎಲ್ಲಾ ಮಾಡಿಸ್ದೆ. ಕಾರು ಹೊಸದರ ಥರ ಕಾಣ್ತಿದೆ, ಅದರಲ್ಲಿ ಎರಡು ಮಾತಿಲ್ಲ.

ವಿಷ್ಯ ಏನಂದ್ರೆ ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಲೀಟರಿಗೆ 16.2 ಬರ್ತಿತ್ತು, ಪಾಲಿಶ್ ಆದ್ಮೇಲೆ ಜೂನ್ ಕೊನೆಗೆ ಲೆಕ್ಕ ಹಾಕಿದ್ರೆ 17.6. ಅಂಗಡಿಯವರಿಗೆ ಹೇಳ್ದೆ, ಅವ್ರು ಗ್ಯಾರಂಟಿ ಸರ್, ಮೈ ನುಣ್ಣಗಾದ್ರೆ ಗಾಳಿ ಜಾರ್ಕೊಂಡು ಹೋಗುತ್ತೆ, ಇದರ ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿಸಿ ಇನ್ನೂ ಒಂದೆರಡು ಕಿಲೋಮೀಟರ್ ಜಾಸ್ತಿ ಆಗುತ್ತೆ, ಹದಿನೆಂಟು ಸಾವಿರ ಆಗುತ್ತೆ ಅಂದ್ರು. ಪೆಟ್ರೋಲ್ ಲೀಟರಿಗೆ ನೂರರ ಮೇಲೆ ಕೊಡ್ತಿರೋ ಈ ಕಾಲದಲ್ಲಿ ಎರಡು ಕಿಲೋಮೀಟರ್ ಅಂದ್ರೆ ಎರಡ್ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತಲ್ವಾ ಅಂತ ನನ್ನ ಲೆಕ್ಕ. ಪಾಲಿಶ್ ಬಿಟ್ಟು ಬೇರೇನೂ ನಾನು ಮಾಡ್ಸಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ, ಕೋಟಿಂಗ್ ಹಾಕಿಸ್ಲಾ ಬೇಡ್ವಾ?

ಗೇರ್_ಬಾಕ್ಸ್_ಗಿರಿ:

ಹಾಕ್ಸಿ ಬ್ರೋ. ನನ್ನ ಬೈಕಿಗೆ ನಾನೇ ಪ್ರತಿ ತಿಂಗಳು ವ್ಯಾಕ್ಸ್ ಹೊಡೀತೀನಿ, ಹೊಡೆದ ವಾರ ಗಾಡಿ ಹೂವಿನ ಥರ ಹೋಗುತ್ತೆ, ಮೈಲೇಜೂ ಮೂರ್ನಾಲ್ಕು ಕಿಲೋಮೀಟರ್ ಜಾಸ್ತಿ ತೋರ್ಸುತ್ತೆ. ವಿಮಾನಗಳನ್ನ ಅಷ್ಟು ಹೊಳೆಯೋ ಹಾಗೆ ಯಾಕೆ ಇಡ್ತಾರೆ ಮತ್ತೆ? ಟಿವೀಲಿ ಮಿತ್‌ಬಸ್ಟರ್ಸ್‌ನೋರು 2009ರಲ್ಲಿ ಕೆಸರು ಮೆತ್ತಿದ ಕಾರು, ತೊಳೆದ ಕಾರು ಎರಡೂ ಓಡ್ಸಿ ನೋಡಿದ್ರು, ತೊಳೆದ ಕಾರೇ ಜಾಸ್ತಿ ಮೈಲೇಜ್ ಕೊಡ್ತು. ಗ್ಯಾಲನ್ನಿಗೆ 24 ಮೈಲಿ ಇದ್ದಿದ್ದು 26 ಆಯ್ತು.

ಗಾಳಿ_ಲೆಕ್ಕ:

ಹಾಸನದವರೇ, ಹದಿನೆಂಟು ಸಾವಿರ ಕೊಡೋ ಮುಂಚೆ ಇದನ್ನೊಂದ್ಸಲ ಪೂರ್ತಿ ಓದಿ. ನಾನು ಓದಿದ್ದು, ಈಗ ಕೆಲಸ ಮಾಡ್ತಿರೋದು ಎರಡೂ ಈ ಗಾಳಿಯ ವಿಷ್ಯದಲ್ಲೇ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ.

ಕಾರು ಮುಂದೆ ಹೋಗ್ವಾಗ ಗಾಳಿ ಅದನ್ನ ಎರಡು ಥರ ತಡೆಯುತ್ತೆ. ಒಂದು, ಗಾಳಿ ಮೈಗೆ ಉಜ್ಜಿಕೊಂಡು ಹೋಗೋ ಘರ್ಷಣೆ. ಇನ್ನೊಂದು ಆಕಾರದಿಂದ ಬರೋದು, ಅಂದ್ರೆ ಮುಂದೆ ಗಾಳಿಯನ್ನ ತಳ್ಳಬೇಕು, ಹಿಂದೆ ಗಾಳಿ ಮೈ ಬಿಟ್ಟು ಸುಳಿ ಸುಳಿಯಾಗಿ ಒಡೆದು ಹೋಗುತ್ತೆ, ಅಲ್ಲಿ ಒತ್ತಡ ಕಮ್ಮಿ ಆಗಿ ಕಾರನ್ನ ಹಿಂದಕ್ಕೆ ಎಳೆಯುತ್ತೆ. ಹೆದ್ದಾರೀಲಿ ಯಾರಾದ್ರೂ ಓಡಿಸ್ತಿರೋವಾಗ ಪಕ್ಕದ ಸೀಟಲ್ಲಿ ಕೂತು, ಅಕ್ಕಪಕ್ಕ ಗಾಡಿ ಇಲ್ಲದಾಗ, ಅಂಗೈಯನ್ನ ಕಿಟಕಿ ಹೊರಗೆ ಸ್ವಲ್ಪವೇ ಚಾಚಿ ನೆಲಕ್ಕೆ ಸಮನಾಗಿ ಮಲಗಿಸಿ ಹಿಡೀರಿ, ಆಮೇಲೆ ಗಾಳಿಗೆ ಎದುರಾಗಿ ನಿಲ್ಲಿಸಿ ಹಿಡೀರಿ. ಕೈ ಅದೇ, ಚರ್ಮವೂ ಅದೇ, ಆದ್ರೆ ನಿಲ್ಲಿಸಿದಾಗ ತೋಳೇ ಹಿಂದಕ್ಕೆ ಹೋಗುತ್ತೆ. ಆ ವ್ಯತ್ಯಾಸ ಪೂರ್ತಿ ಆಕಾರದ್ದು. ಕಾರುಗಳಲ್ಲಿ ಗಾಳಿ ತಡೆಯ ದೊಡ್ಡ ಪಾಲು ಹೀಗೆ ಆಕಾರದಿಂದ ಬರೋದು, ಮೈ ಉಜ್ಜಿ ಬರೋ ಪಾಲು ಸುಮಾರು ಹತ್ತನೇ ಒಂದು. ನಿಮ್ಮದು ಹ್ಯಾಚ್‌ಬ್ಯಾಕ್, ಮಳೇಲಿ ಊರಿಗೆ ಹೋಗಿ ಬಂದ್ಮೇಲೆ ಹಿಂದಿನ ಗಾಜೇ ಎಲ್ಲಕ್ಕಿಂತ ಜಾಸ್ತಿ ಕೆಸರಾಗಿರುತ್ತಲ್ವಾ? ಆ ಸುಳಿಗಾಳಿನೇ ರಸ್ತೆ ಕೊಳೆಯನ್ನ ಎತ್ತಿ ತಂದು ಅಲ್ಲಿ ಹಚ್ಚೋದು. ಪೆಟ್ರೋಲ್ ಹೋಗೋದೂ ಅಲ್ಲೇ.

ಈಗ ಪಾಲಿಶ್ ಆ ಹತ್ತನೇ ಒಂದು ಪಾಲನ್ನಾದ್ರೂ ಕಮ್ಮಿ ಮಾಡುತ್ತಾ ನೋಡೋಣ. ಮನೇಲಿ ಸೀಲಿಂಗ್ ಫ್ಯಾನ್ ರೆಕ್ಕೆ ನೋಡಿದೀರಾ, ದಿನಾ ಗಂಟೆಗಟ್ಟಲೆ ಗಿರ್ರಂತ ತಿರುಗಿದ್ರೂ ಅದರ ಮೇಲೆ ಧೂಳು ಕೂತೇ ಇರುತ್ತೆ. ಕಾರನ್ನ ನೂರರಲ್ಲಿ ಓಡಿಸಿದ್ರೂ ಬಾನೆಟ್ ಮೇಲಿನ ಸಣ್ಣ ಧೂಳು ಹಾರಲ್ಲ. ಯಾಕೆ ಅಂದ್ರೆ ಮೈಗೆ ತೀರಾ ಹತ್ರ ಇರೋ ಗಾಳಿ ಮೈಗೇ ಅಂಟ್ಕೊಂಡು ಹೆಚ್ಚುಕಮ್ಮಿ ನಿಂತೇ ಇರುತ್ತೆ, ಅದರ ಮೇಲಿನ ಪದರ ಸ್ವಲ್ಪ ಸರಿಯುತ್ತೆ, ಅದರ ಮೇಲಿಂದು ಇನ್ನೂ ಸ್ವಲ್ಪ ಜೋರು, ಹೀಗೆ ಪದರ ಪದರವಾಗಿ ಹೋಗಿ ಕೊನೆಗೆ ಹೊರಗಿನ ವೇಗಕ್ಕೆ ಸೇರ್ಕೊಳ್ಳುತ್ತೆ. 80ರ ವೇಗದಲ್ಲಿ ಆ ತಳದ ಸುಮ್ಮನಿರೋ ಪದರವೇ ಸುಮಾರು 80 ಮೈಕ್ರಾನ್ ದಪ್ಪ, ಅಂದ್ರೆ ಒಂದು ತಲೆಕೂದಲಿನಷ್ಟು. ಮಂಕಾದ ಬಣ್ಣದ ಒರಟು, ಬಟ್ಟೆ ಉಜ್ಜಿ ಆದ ಸಣ್ಣ ಗೀರು ಇವೆಲ್ಲ ಕೆಲವೇ ಮೈಕ್ರಾನ್. ಅವು ಆ ಪದರದ ಒಳಗೇ ಮುಳುಗಿ ಹೋಗುತ್ತೆ, ಮೇಲೆ ಓಡೋ ಗಾಳಿಗೆ ಕೆಳಗೆ ಒರಟು ಇದೆ ಅನ್ನೋದೇ ಗೊತ್ತಾಗಲ್ಲ. ನಿಮ್ಮ ಕೈಗೆ ಮರಳು ಕಾಗದ ಅನ್ಸಿದ್ದು ಗಾಳಿಗೆ ಮೊದಲಿಂದಲೂ ನುಣುಪೇ ಆಗಿತ್ತು.

ಲೆಕ್ಕದಲ್ಲೂ ಹೇಳ್ತೀನಿ. ನಿಮ್ಮ ಕಾರು, ಒಬ್ರು ಕೂತು ಸುಮಾರು ಒಂದು ಟನ್. ಟೈರ್ ಉರುಳೋಕೆ ಬೇಕಾಗಿರೋ ಬಲ ಸುಮಾರು 110 ನ್ಯೂಟನ್. 80ರಲ್ಲಿ ಗಾಳಿ ತಡೆ ಸುಮಾರು 200. ಒಟ್ಟು 310. ನಿಮಗೆ 16.2 ಇದ್ದಿದ್ದು 17.6 ಆಗಿದೆ, ಅಂದ್ರೆ ನೂರಕ್ಕೆ ಎಂಟೂವರೆ ಜಾಸ್ತಿ. ಅಷ್ಟು ಆಗ್ಬೇಕಂದ್ರೆ 310ರಲ್ಲಿ ಸುಮಾರು 25 ನ್ಯೂಟನ್ ಕಮ್ಮಿ ಆಗ್ಬೇಕು. ಮೈ ಉಜ್ಜೋ ಘರ್ಷಣೆ ಪೂರ್ತಿ ಸೇರಿದ್ರೆ 20. ಅದು ಪೂರ್ತಿ ಮಾಯ ಆದ್ರೂ ನಿಮ್ಮ 17.6 ಬರಲ್ಲ! ಧಾರಾಳವಾಗಿ ಆ ಘರ್ಷಣೆ ನೂರಕ್ಕೆ ಐದರಷ್ಟು ಕಮ್ಮಿ ಆಯ್ತು ಅಂತಾನೇ ಇಟ್ಕೊಳ್ಳಿ, ಲೀಟರಿಗೆ ಸಿಗೋದು ಬರೀ 50 ಮೀಟರ್. ಅದೂ ಹೆದ್ದಾರೀಲಿ. ಸಿಟೀಲಿ 30ರಲ್ಲಿ ಹೋಗ್ವಾಗ ಗಾಳಿ ತಡೆಯೇ 200ರಿಂದ 30ಕ್ಕೆ ಇಳಿಯುತ್ತೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗಂತೂ ಸೊನ್ನೆ.

ಗಿರಿಯವರೇ, ವಿಮಾನದ ಪ್ರಶ್ನೆ ಒಳ್ಳೇದೇ. ವಿಮಾನದ ಆಕಾರ ಮೊದಲೇ ತುಂಬಾ ತಿದ್ದಿದ್ದು, ಹಾಗಾಗಿ ಮೇಲೆ ಹಾರ್ವಾಗ ಅದರ ಒಟ್ಟು ತಡೆಯಲ್ಲಿ ಹೆಚ್ಚುಕಮ್ಮಿ ಅರ್ಧ ಮೈ ಉಜ್ಜೋದೇ. ಅಲ್ಲಿ ಮೇಲ್ಮೈಗೆ ಬೆಲೆ ಇದೆ. ಆದ್ರೂ ಅಮೆರಿಕನ್ ಏರ್‌ಲೈನ್ಸ್ ಬಣ್ಣ ಇಲ್ಲದೆ ಬರೀ ಅಲ್ಯೂಮಿನಿಯಂ ಹೊಳಪಿನ ವಿಮಾನಗಳನ್ನ 2013ರವರೆಗೂ ಇಟ್ಕೊಂಡಿತ್ತಲ್ಲ, ಅದರಲ್ಲಿ ಉಳಿತಾ ಇದ್ದಿದ್ದು ಬಣ್ಣದ ತೂಕ, ದೊಡ್ಡ ವಿಮಾನಕ್ಕೆ ಬಣ್ಣವೇ ನೂರಾರು ಕೆಜಿ ಆಗುತ್ತೆ. ಇನ್ನೊಂದು ಕೇಳಿ. ಲುಫ್ತಾನ್ಸಾ ಟೆಕ್ನಿಕ್ ಮತ್ತೆ ಬಿಎಎಸ್‌ಎಫ್ ಸೇರಿ ಶಾರ್ಕ್ ಮೀನಿನ ಚರ್ಮದ ಥರ ಸಣ್ಣ ಸಣ್ಣ ಗೆರೆ ಇರೋ ಒಂದು ಫಿಲಂ ಮಾಡಿದಾರೆ, ಗೆರೆ ಸುಮಾರು 50 ಮೈಕ್ರಾನ್, ಸ್ವಿಸ್ ಕಂಪ್ನಿಯ ಬೋಯಿಂಗ್ 777 ವಿಮಾನಗಳಿಗೆ 2022ರಿಂದ ಅಂಟಿಸ್ತಿದಾರೆ, ಅದರಿಂದ ಇಂಧನ ಉಳಿಯೋದು ನೂರಕ್ಕೆ 1.1. ಗೆರೆ ಗೆರೆ ಮೇಲ್ಮೈ ನುಣುಪಿಗಿಂತ ಕಮ್ಮಿ ಉಜ್ಜುತ್ತೆ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡೋ ವಿಷ್ಯ. ಆದ್ರೆ ನೋಡಿ, ಅಷ್ಟು ತಲೆ ಓಡಿಸಿ, ಮೈ ಉಜ್ಜೋದೇ ಅರ್ಧ ಇರೋ ವಿಮಾನದಲ್ಲಿ ಸಿಕ್ಕಿದ್ದು 1.1. ಕಾರಿಗೆ ವ್ಯಾಕ್ಸ್ ಹಚ್ಚಿ ಎಂಟೂವರೆ ಎಲ್ಲಿಂದ ಬರ್ಬೇಕು?

ಟಿವಿ ಪ್ರಯೋಗದಲ್ಲಿ ಹೋಲಿಸಿದ್ದು ಕೆಸರು ಮೆತ್ತಿದ ಕಾರಿಗೂ ತೊಳೆದ ಕಾರಿಗೂ. ಗಟ್ಟಿ ಕೆಸರು ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತೆ, ಅದು ಆ ಸುಮ್ಮನಿರೋ ಪದರ ದಾಟಿ ಮೇಲೆ ಏಳುತ್ತೆ, ತೂಕವೂ ಸೇರುತ್ತೆ. ಹಾಗಾಗಿ ಕೆಸರು ತೊಳೀರಿ, ಅದರಲ್ಲಿ ಅರ್ಥ ಇದೆ. ತೊಳೆದ ಕಾರಿಗೂ ಪಾಲಿಶ್ ಮಾಡಿದ ಕಾರಿಗೂ ಇರೋ ವ್ಯತ್ಯಾಸ ಬೇರೆ ಮಾತು.

ಮಲ್ಪೆ_ಬಂದರು:

ಗಾಳಿ ಲೆಕ್ಕದವರು ಸರಿ ಹೇಳಿದ್ರು, ನಾನು ನೀರಿನ ಲೆಕ್ಕ ಹೇಳ್ತೇನೆ. ನಮ್ಮ ಮನೆಯಲ್ಲಿ ಟ್ರಾಲ್ ಬೋಟ್ ಉಂಟು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಬೋಟನ್ನು ಮೇಲೆ ಎಳೆದು ಹಾಕಿ ಅಡಿ ಕೆರೆದು ಬಣ್ಣ ಕೊಡುವುದು ನಮ್ಮಲ್ಲಿ ಪ್ರತಿ ವರ್ಷದ ಕೆಲಸ. ಅಡಿಗೆ ಪಾಚಿ ಹಿಡಿದು ಚಿಪ್ಪು ಕೂತ್ರೆ ಅದೇ ಇಂಜಿನ್, ಅದೇ ಆರ್‌ಪಿಎಂ, ಬೋಟ್ ಮುಂದೆ ಹೋಗುವುದೇ ಇಲ್ಲ ಮಾರಾಯ್ರೆ, ಡೀಸೆಲ್ ಸುಮ್ಮನೆ ಕುಡಿತದೆ. ಕೆರೆದು ಹೊಸ ಬಣ್ಣ ಕೊಟ್ಟು ಆಗಸ್ಟಿನಲ್ಲಿ ಇಳಿಸಿದ ದಿನ ಸ್ಟೇರಿಂಗ್ ಹಿಡಿದವನಿಗೆ ಕೈಯಲ್ಲೇ ಗೊತ್ತಾಗ್ತದೆ, ಮೀಟರ್ ಬೇಡ.

ಅದಕ್ಕೇ ನಮ್ಮ ಕಡೆ ಹಲವರಿಗೆ ಕಾರಿಗೂ ಹಾಗೇ ಅಂತ ಒಂದು ನಂಬಿಕೆ ಉಂಟು, ನನಗೂ ಇತ್ತು. ಆದ್ರೆ ನೀರು ಗಾಳಿಗಿಂತ 800 ಪಟ್ಟು ಸಾಂದ್ರ, ಮತ್ತೆ ಚಿಪ್ಪು ಅಂದ್ರೆ ಅರ್ಧ ಸೆಂಟಿಮೀಟರ್, ಒಂದು ಸೆಂಟಿಮೀಟರ್ ಎತ್ತರ ಎದ್ದು ನಿಂತದ್ದು. ಕಾರಿನ ಮೈಮೇಲೆ ಅಷ್ಟು ದಪ್ಪ ಏನು ಬೆಳೀತದೆ ಹೇಳಿ. ಆದ್ರೂ ಕರಾವಳಿಯವರು ಕಾರು ತೊಳೆಯುವುದು ಬಿಡಬಾರ್ದು, ಉಪ್ಪು ಗಾಳಿಗೆ ಬಾಗಿಲಿನ ಅಡಿ, ಚಕ್ರದ ಮೇಲಿನ ಮಡಚು ಎಲ್ಲ ತುಕ್ಕು ಹಿಡಿದು ಹೋಗ್ತದೆ. ನಾನು ಮೇಲಿಗಿಂತ ಕೆಳಗೆ ಜಾಸ್ತಿ ನೀರು ಹೊಡಿತೇನೆ.

ನಿವೃತ್ತ_ಸಾರಥಿ:

ನಾನು ಧಾರವಾಡ ಕಡಿಯಾಂವ, ಮೂವತ್ತು ವರ್ಷ ಸಾರಿಗೆ ಬಸ್ ಓಡಿಸೀನಿ. ನಮ್ಮ ಡಿಪೋದಾಗ ಪ್ರತಿಯೊಬ್ಬ ಡ್ರೈವರ್‌ದು ಕೆಎಂಪಿಎಲ್, ಅಂದ್ರ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೂದು, ಬರದು ಬೋರ್ಡಿಗೆ ಹಚ್ತಿದ್ರು, ಯಾರ್ದು ಎಷ್ಟು ಬಂತು ಅಂತ ಎಲ್ಲಾರೂ ನಿಂತು ನೋಡೋರು. ಬಸ್ಸಿಗೆ 5ರ ಆಜೂಬಾಜೂ ಬರ್ತದ. ಅದ ಗಾಡಿ, ಅದ ರೂಟು, ಒಬ್ಬಾಂವ ಓಡಿಸಿದ್ರ 4.7, ಇನ್ನೊಬ್ಬಾಂವ ಓಡಿಸಿದ್ರ 5.2. ಗಾಡಿ ಮೈ ತೊಳದಿದ್ರೋ ಇಲ್ಲೋ ಅನ್ನೋದರ ಮ್ಯಾಲ ಆ ನಂಬರ್ ಹೆಚ್ಚುಕಮ್ಮಿ ಆಗಿದ್ದು ನಾ ಒಮ್ಮಿನೂ ಕಂಡಿಲ್ಲ. ಅದು ಕಾಲಿನ್ಯಾಗ ಇರ್ತದ್ರಿ. ಮುಂದ ಹಂಪ್ ಕಾಣ್ತಿದ್ದಂಗ ದೂರದಿಂದನ ಎಕ್ಸಲೇಟರ್ ಬಿಟ್ಟು ಗೇರಿನ್ಯಾಗ ಉರುಳಕೊಂತ ಬರಾಂವಗ ಬ್ರೇಕ್ ಹಚ್ಚೂದು ಕಡಿಮಿ ಬೀಳ್ತದ, ಬ್ರೇಕ್ ಹಚ್ಚಿದಷ್ಟೂ ಸುಟ್ಟ ಎಣ್ಣಿ ನೆಲಕ್ಕ ಚೆಲ್ಲಿದಂಗ.

ಆದ್ರ ತಮ್ಮಾ, ನೀ ಒಂದು ಮಾತು ಬರದಿ, ಪಾಲಿಶ್ ಬಿಟ್ಟು ಬ್ಯಾರೆ ಏನೂ ಮಾಡ್ಸಿಲ್ಲ ಅಂತ. ಅದನ್ನ ಇನ್ನೊಮ್ಮಿ ನೆನಪು ಮಾಡ್ಕೋ. ಲೀಟರಿಗೆ ಒಂದೂವರಿ ಕಿಲೋಮೀಟರ್ ಸುಮ್ಮನ ಬರೂದಿಲ್ಲ. ನಾ ಆದ್ರ ಮೊದಲ ಟೈರ್ ಗಾಳಿ ನೋಡ್ತೀನಿ, ಆಮ್ಯಾಲ ಬ್ರೇಕ್ ಹಿಡಕೊಂಡದೇನು ಅಂತ ನೋಡ್ತೀನಿ. ಹತ್ತು ಹದಿನೈದು ಕಿಲೋಮೀಟರ್ ಬ್ರೇಕ್ ಜಾಸ್ತಿ ಹಚ್ಚದ ಓಡಿಸಿ ನಿಲ್ಲಿಸು, ನಾಕೂ ಚಕ್ರದ ಹತ್ತಿರ ಕೈ ಒಯ್ಯಿ, ಮುಟ್ಟಬ್ಯಾಡ, ಕಾವು ತಾನ ಬಡೀತದ. ಒಂದು ಚಕ್ರ ಉಳಿದವಕ್ಕಿಂತ ಭಾಳ ಕಾಯ್ದಿದ್ರ ಅಲ್ಲಿ ಬ್ರೇಕ್ ಬಿಟ್ಟಿಲ್ಲ ಅಂತನ ಅರ್ಥ. ಇನ್ನೊಂದು, ಸಪಾಟ ಖಾಲಿ ಜಾಗಾದಾಗ ಗಾಡಿ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದಿನಿಂದ ಒಬ್ಬಾಂವ ನೂಕಿ ನೋಡ್ರಿ. ನಿಮ್ಮ ಗಾಡಿ ಹಗರ, ಒಬ್ಬ ಗಟ್ಟಿ ಮನಿಷಾ ನೂಕಿದ್ರ ಉರುಳಬೇಕು.

ರಾಯಚೂರು_ಬಿಸಿಲು:

ಎಲ್ಲಾರೂ ನುಣುಪಿನ ಮಾತು ಮಾತಾಡಿದ್ರಿ, ಬಣ್ಣದ್ದು ಯಾರೂ ಹೇಳ್ಲಿಲ್ಲ. ಬಿಸಿಲೂರಿನಲ್ಲಿ ಕಾರಿನ ಬಣ್ಣ ಎಸಿಗೆ ಬೀಳೋ ಹೊರೆ ಬದಲಾಯಿಸುತ್ತೆ. ಅಮೆರಿಕದ ಬರ್ಕ್ಲಿ ಲ್ಯಾಬ್‌ನವರು 2011ರಲ್ಲಿ ಒಂದು ಕಪ್ಪು ಒಂದು ಬೆಳ್ಳಿ ಬಣ್ಣದ ಒಂದೇ ಥರದ ಎರಡು ಕಾರು ಬಿಸಿಲಲ್ಲಿ ನಿಲ್ಸಿ ಅಳೆದಿದ್ರು, ಬೆಳ್ಳಿ ಕಾರಿನ ಒಳಗೆ 5-6 ಡಿಗ್ರಿ ತಂಪಿತ್ತು. ಪಾಲಿಶ್‌ನಿಂದ ಇದು ಆಗಲ್ಲ, ಕಪ್ಪು ಕಾರು ಎಷ್ಟು ಹೊಳೆದ್ರೂ ಕಪ್ಪೇ. ಹಾಸನದವರ ಲೆಕ್ಕದಲ್ಲಿ ಇನ್ನೊಂದು ಎಡವಟ್ಟು ಇದೆ, ಮೊದಲ ಸಲ ಅಳೆದಿದ್ದು ಏಪ್ರಿಲ್-ಮೇನಲ್ಲಿ, ಎರಡನೇ ಸಲ ಮಳೆ ಶುರುವಾದ ಜೂನಲ್ಲಿ. ಎಸಿ ಎಷ್ಟು ಹೊತ್ತು ಹಾಕಿದ್ರಿ ಎರಡೂ ಸಲ?

ಮೈಸೂರು_ವಾಶ್:

ಈ ಥ್ರೆಡ್ ನೋಡಿ ಬರೀದೇ ಇರೋಕೆ ಆಗ್ಲಿಲ್ಲ, ಯಾಕಂದ್ರೆ ನಂದೇ ಒಂದು ಸಣ್ಣ ಡೀಟೇಲಿಂಗ್ ಶೆಡ್ ಇದೆ, ಏಳು ವರ್ಷದಿಂದ ಇದೇ ಅನ್ನ. ಮೈಲೇಜ್ ಬರುತ್ತೆ ಅಂತ ಹೇಳಿ ಕೋಟಿಂಗ್ ಮಾರೋದು ತಪ್ಪು. ಆರು ತಿಂಗಳಾದ್ಮೇಲೆ ಗಿರಾಕಿ ಬಂದು ಎಲ್ಲಿ ಸ್ವಾಮಿ ಮೈಲೇಜು ಅಂತ ಕೇಳಿದ್ರೆ ಏನು ಉತ್ರ ಕೊಡೋದು, ಒಬ್ರು ಹೀಗೆ ಹೇಳಿದ್ರೆ ನಮ್ಮ ಕೆಲಸಾನೇ ಮೋಸ ಅಂತ ಜನ ಅಂದ್ಕೋತಾರೆ.

ಪಾಲಿಶ್ ನಿಜವಾಗ್ಲೂ ಏನು ಮಾಡುತ್ತೆ ಹೇಳ್ತೀನಿ. ಕಾರಿನ ಬಣ್ಣದ ಪದರ ಎಲ್ಲಾ ಸೇರಿ 100ರಿಂದ 150 ಮೈಕ್ರಾನ್, ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇರ್ಬಹುದು. ಬಿಸಿಲು, ಬೋರ್‌ವೆಲ್ ನೀರಿನ ಬಿಳಿ ಕಲೆ, ಹಕ್ಕಿ ಹಿಕ್ಕೆ, ಹೊಂಗೆ ಮರದ ಕೆಳಗೆ ನಿಲ್ಸಿದ್ರೆ ಬೀಳೋ ಅಂಟು, ಇವೆಲ್ಲ ಆ ಕ್ಲಿಯರ್ ಕೋಟನ್ನ ತಿನ್ನುತ್ತೆ. ಕಾಂಪೌಂಡ್ ಹೊಡೆದ್ರೆ ನಾವು ಕೆಟ್ಟುಹೋಗಿರೋ ಮೇಲಿನ ಕೆಲವು ಮೈಕ್ರಾನ್ ಕೆರೆದು ತೆಗೀತೀವಿ, ಅದಕ್ಕೇ ಹೊಳಪು ಬರೋದು. ಕೆರೆದದ್ದು ಮತ್ತೆ ಬರಲ್ಲ. ಅದಕ್ಕೆ ವರ್ಷಕ್ಕೆ ನಾಲ್ಕು ಸಲ ಕಾಂಪೌಂಡ್ ಹೊಡ್ಸೋರನ್ನ ನಾನೇ ವಾಪಸ್ ಕಳಿಸ್ತೀನಿ. ವ್ಯಾಕ್ಸ್ ಆಗ್ಲಿ ಸೆರಾಮಿಕ್ ಆಗ್ಲಿ ಕೆರೆಯಲ್ಲ, ಮೇಲೆ ಒಂದು ಕಾವಲು ಪದರ ಕೊಡುತ್ತೆ, ನೀರು ನಿಲ್ಲಲ್ಲ, ತೊಳೆಯೋದು ಸುಲಭ, ಬಣ್ಣ ಜಾಸ್ತಿ ವರ್ಷ ಬಾಳುತ್ತೆ, ಮಾರೋವಾಗ ನಾಲ್ಕು ಕಾಸು ಜಾಸ್ತಿ ಸಿಗುತ್ತೆ. ಇಷ್ಟಕ್ಕೆ ಬೇಕು ಅಂದ್ರೆ ಧಾರಾಳವಾಗಿ ಹಾಕ್ಸಿ, ಪೆಟ್ರೋಲ್ ಉಳಿಸೋಕೆ ಅಂತ ಬೇಡ.

ಒಂದೇ ಒಂದು ಕಡೆ ಕ್ಲೀನಿಂಗ್ ಮಾಡೋದ್ರಿಂದ ಇಂಧನಕ್ಕೆ ಉಪಯೋಗ ಇದೆ, ಅದನ್ನ ಯಾರೂ ಕೇಳೋದೇ ಇಲ್ಲ. ಮುಂದಿನ ಗ್ರಿಲ್ ಹಿಂದೆ ಎಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್ ಇರುತ್ತೆ. ಹೆದ್ದಾರೀಲಿ ಓಡಾಡೋ ಕಾರುಗಳಲ್ಲಿ ಅಲ್ಲಿ ಹುಳ, ಎಲೆ ಚೂರು, ಕೆಸರು ಕಟ್ಕೊಂಡಿರುತ್ತೆ. ಗಾಳಿ ಆಡದೇ ಹೋದ್ರೆ ಎಸಿ ಅದೇ ತಂಪು ಕೊಡೋಕೆ ಜಾಸ್ತಿ ಒದ್ದಾಡುತ್ತೆ. ಮೆಲ್ಲಗೆ ನೀರು ಬಿಟ್ಟು ತೊಳೀಬೇಕು, ಪ್ರೆಶರ್ ವಾಶರ್ ಹತ್ರ ಹಿಡಿದ್ರೆ ಅದರ ತೆಳು ರೆಕ್ಕೆಗಳು ಬಗ್ಗಿ ಹೋಗುತ್ತೆ. ಬೆಂಗಳೂರಿನವ್ರಿಗೆ ಇನ್ನೊಂದು ಮಾತು, 2024ರ ಮಾರ್ಚಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂದಿತ್ತಲ್ಲ. ಎರಡು ಬಕೆಟ್ ನೀರು, ಕಾರ್ ಶಾಂಪೂ, ಎರಡು ಮೈಕ್ರೋಫೈಬರ್ ಬಟ್ಟೆ ಇದ್ರೆ ಇಡೀ ಕಾರು ತೊಳೀಬಹುದು. ಒಣ ಧೂಳನ್ನ ಮಾತ್ರ ಒಣ ಬಟ್ಟೇಲಿ ಒರೆಸ್ಬೇಡಿ, ದಿನಾ ಬೆಳಿಗ್ಗೆ ಅಪಾರ್ಟ್‌ಮೆಂಟಲ್ಲಿ ಹಾಗೆ ಒರೆಸೋದ್ರಿಂದ್ಲೇ ಆ ಜೇಡರ ಬಲೆ ಥರ ಗೀರು ಬರೋದು.

ಗೇರ್_ಬಾಕ್ಸ್_ಗಿರಿ:

ಗಾಳಿ ಲೆಕ್ಕ ಸರ್, ಫ್ಯಾನ್ ರೆಕ್ಕೆ ಮಾತು ತಲೇಲಿ ಕೂತ್ಕೊಳ್ತು. ನಾನು ವ್ಯಾಕ್ಸ್ ಹೊಡೆಯೋ ದಿನಾನೇ ಚೈನ್ ಕ್ಲೀನ್ ಮಾಡಿ ಲ್ಯೂಬ್ ಹಾಕ್ತೀನಿ, ಟೈರಿಗೆ ಗಾಳೀನೂ ಹೊಡಿಸ್ತೀನಿ, ಅದನ್ನ ಇಷ್ಟು ದಿನ ಯೋಚ್ನೇನೇ ಮಾಡಿರ್ಲಿಲ್ಲ. ಹಾಗಾದ್ರೆ ಮೂರ್ನಾಲ್ಕು ಕಿಲೋಮೀಟರ್ ಬಂದಿದ್ದು ಚೈನಿಂದಾನಾ? ಮತ್ತೆ ಮೈಲೇಜ್ ಸರಿಯಾಗಿ ಅಳೆಯೋದು ಹೇಗೆ ಅಂತಾನೂ ಹೇಳಿ.

ಗಾಳಿ_ಲೆಕ್ಕ:

ಗಿರಿ, ಒಣಗಿದ ಚೈನು, ಇಳಿದ ಟೈರು ಎರಡೂ ಬೈಕಲ್ಲಿ ಚೆನ್ನಾಗೇ ಗೊತ್ತಾಗುತ್ತೆ. ಬೈಕಲ್ಲಿ ಗಾಳಿಗೆ ಎದುರಾಗೋ ದೊಡ್ಡ ವಸ್ತು ಅಂದ್ರೆ ಓಡಿಸೋರ ಮೈ, ಶರ್ಟು, ಹೆಲ್ಮೆಟ್ಟು. ಟ್ಯಾಂಕಿಗೆ ವ್ಯಾಕ್ಸ್ ಹಚ್ಚಿದ್ರೆ ಗಾಳಿಗೆ ಏನೂ ಅನ್ಸಲ್ಲ. ಮುಂದಿನ ತಿಂಗಳು ಚೈನು, ಗಾಳಿ ಎರಡೂ ಮಾಡಿ, ವ್ಯಾಕ್ಸ್ ಬಿಟ್ಟು ನೋಡಿ, ಅದರ ಮುಂದಿನ ತಿಂಗಳು ವ್ಯಾಕ್ಸ್ ಒಂದನ್ನೇ ಮಾಡಿ.

ಅಳೆಯೋದಂದ್ರೆ ಟ್ಯಾಂಕ್ ಫುಲ್ಲಿಂದ ಫುಲ್‌ಗೆ ಲೆಕ್ಕ, ಮೀಟರ್ ತೋರ್ಸೋದನ್ನ ಪೂರ್ತಿ ನಂಬ್ಬೇಡಿ. ಆದ್ರೆ ಅದರಲ್ಲೂ ಬಂಕಲ್ಲಿ ಪಂಪು ತಾನಾಗೇ ಕಟ್ ಆಗೋ ಜಾಗ ಸಲಕ್ಕೊಂದು ಥರ, ಗಾಡಿ ಸ್ವಲ್ಪ ಓರೆ ನಿಂತಿದ್ರೂ ವ್ಯತ್ಯಾಸ. ಸ್ವಿಫ್ಟ್ ಟ್ಯಾಂಕು 37 ಲೀಟರ್, ನೀವು 20 ಲೀಟರ್ ಖರ್ಚಾದಾಗ ತುಂಬ್ಸಿ ಲೆಕ್ಕ ಹಾಕಿದ್ರೆ, ತುಂಬೋದ್ರಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿ ಆದ್ರೆ ಅಲ್ಲಿಗೇ ನೂರಕ್ಕೆ 5 ತಪ್ಪು. ಪಾಲಿಶ್‌ನಿಂದ ಬರ್ಬಹುದಾದ 50 ಮೀಟರನ್ನ ಈ ಲೆಕ್ಕದಲ್ಲಿ ಹುಡುಕೋದು ತರಕಾರಿ ತಕ್ಕಡೀಲಿ ಚಿನ್ನ ತೂಗಿದ ಹಾಗೆ. ಒಂದೇ ಬಂಕು, ಒಂದೇ ಪಂಪು, ಮೊದಲ ಕಟ್‌ಗೇ ನಿಲ್ಸಿ, ಮೂರ್ನಾಲ್ಕು ಟ್ಯಾಂಕ್ ಒಟ್ಟು ಸೇರ್ಸಿ ಭಾಗಿಸಿ.

ಯಾವುದರಿಂದ ಎಷ್ಟು ಅಂತ ಅಂದಾಜಿರ್ಲಿ ಅಂತ ಹೇಳ್ತೀನಿ. ಅಮೆರಿಕದ ಇಂಧನ ಇಲಾಖೆ ಲೆಕ್ಕದಲ್ಲಿ ನಾಲ್ಕೂ ಟೈರಲ್ಲಿ ಸರಾಸರಿ ಒಂದು ಪಿಎಸ್ಐ ಇಳಿದ್ರೆ ನೂರಕ್ಕೆ 0.2 ನಷ್ಟ. ಚಿಕ್ಕದು ಅನ್ಸುತ್ತೆ, ಆದ್ರೆ ಆರು ಪಿಎಸ್ಐ ಇಳಿದಿದ್ರೆ 1.2 ಆಯ್ತಲ್ಲ, ಅಷ್ಟು ಪಾಲಿಶ್ ಯಾವತ್ತೂ ಕೊಡಲ್ಲ, ಮೇಲಾಗಿ ಗಾಳಿ ಹೊಡ್ಸೋಕೆ ದುಡ್ಡೂ ಬೇಡ. 45 ಕೆಜಿ ಸುಮ್ಮನೆ ಡಿಕ್ಕೀಲಿ ಹೊತ್ಕೊಂಡು ಓಡಾಡಿದ್ರೆ ನೂರಕ್ಕೆ 1. ಮೇಲೆ ದೊಡ್ಡ ಲಗೇಜ್ ಬಾಕ್ಸ್ ಕಟ್ಟಿದ್ರೆ ಹೆದ್ದಾರೀಲಿ 6ರಿಂದ 17, ಯಾಕಂದ್ರೆ ಅದು ಆಕಾರವನ್ನೇ ಕೆಡಿಸುತ್ತೆ. ಎಲ್ಲಕ್ಕಿಂತ ದೊಡ್ಡದು ವೇಗ. 80ರಲ್ಲಿ 200 ನ್ಯೂಟನ್ ಇದ್ದ ಗಾಳಿ ತಡೆ 100ರಲ್ಲಿ 310ರ ಮೇಲೆ ಹೋಗುತ್ತೆ. ಕುಣಿಗಲ್ ದಾಟಿದ್ಮೇಲೆ ರಸ್ತೆ ಚೆನ್ನಾಗಿದೆ ಅಂತ 110 ಹಿಡಿಯೋರು 85ಕ್ಕೆ ಇಳಿದ್ರೆ ಹಾಸನಕ್ಕೆ ಅರ್ಧ ಗಂಟೆಯೊಳಗೇ ತಡ ಆಗೋದು, ಉಳಿಯೋ ಪೆಟ್ರೋಲ್ ಯಾವ ಕೋಟಿಂಗೂ ಕೊಡಲ್ಲ.

ಹಾಸನದ_ಸ್ಟೇರಿಂಗ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡು ದಿನ ಉತ್ರ ಕೊಡ್ಲಿಲ್ಲ, ಕಾರಿನ ಹಿಂದೇನೇ ಬಿದ್ದಿದ್ದೆ.

ಸಾರಥಿ ಕಾಕಾ, ನೀವು ಹೇಳಿದ್ದು ಓದಿ ತಮ್ಮನಿಗೆ ಫೋನ್ ಮಾಡ್ದೆ. ಮೇ ಕೊನೇಲಿ ಊರಲ್ಲಿದ್ದಾಗ ಅವನೇ ಕಾರನ್ನ ಸರ್ವಿಸ್‌ಗೆ ಬಿಟ್ಟಿದ್ದ, ಆಯಿಲ್ ಚೇಂಜ್ ಅಷ್ಟೇ ಅಂತ ನಾನು ತಲೆ ಕೆಡಿಸ್ಕೊಂಡಿರ್ಲಿಲ್ಲ. ಗ್ಲೋವ್ ಬಾಕ್ಸಲ್ಲಿ ಬಿಲ್ ಸಿಕ್ತು. ಆಯಿಲ್, ವೀಲ್ ಅಲೈನ್‌ಮೆಂಟ್, ಹಿಂದಿನ ಬ್ರೇಕ್ ಡ್ರಮ್ ಕ್ಲೀನಿಂಗ್ ಮತ್ತೆ ಅಡ್ಜಸ್ಟ್‌ಮೆಂಟ್ ಅಂತ ಬರೆದಿದೆ. ಸರ್ವಿಸ್ ಮಾಡಿದ ಹುಡುಗ ಎಡಗಡೆ ಹಿಂದಿನ ಬ್ರೇಕ್ ಹಿಡ್ಕೊಂಡಿತ್ತು ಅಣ್ಣ ಅಂತ ತಮ್ಮನ ಹತ್ರ ಹೇಳಿದ್ನಂತೆ, ತಮ್ಮ ನನಗೆ ಹೇಳೋಕೆ ಮರ್ತಿದ್ದ. ಈಗ ನೆನಪಾಗ್ತಿದೆ, ಬೇಸಿಗೇಲಿ ಊರಿಗೆ ಹೋಗಿ ಇಳಿದಾಗ ಆ ಚಕ್ರದ ಹತ್ರ ಸುಟ್ಟ ವಾಸನೆ ಬರ್ತಿತ್ತು, ಅಪ್ಪ ಒಂದ್ಸಲ ಏನೋ ಕಮಟು ವಾಸ್ನೆ ಅಲ್ವೇನೋ ಅಂತ ಕೇಳಿದ್ರು, ನಾನು ಮುಂದೆ ಹೋದ ಲಾರೀದು ಅಂದಿದ್ದೆ. ಅಷ್ಟು ದಿನ ಅರ್ಧ ಬ್ರೇಕ್ ಹಾಕ್ಕೊಂಡೇ ಮನೆಯವರನ್ನೆಲ್ಲ ಕೂರಿಸ್ಕೊಂಡು ಓಡಾಡಿದೀನಿ ಅಂತ ನೆನೆಸ್ಕೊಂಡ್ರೆ ಮೈಲೇಜಿಗಿಂತ ಅದೇ ಜಾಸ್ತಿ ಭಯ ಆಗ್ತಿದೆ.

ರಾಯಚೂರಿನವರೇ, ಎಸಿ ವಿಷ್ಯವೂ ಸರಿ. ಮೇನಲ್ಲಿ ಮನೆಯಿಂದ ಆಫೀಸಿನವರೆಗೂ ಹಾಕಿರ್ತಿದ್ದೆ, ಜೂನಲ್ಲಿ ಗಾಜಿಗೆ ಮಂಜು ಹಿಡಿದಾಗ ಮಾತ್ರ. ಜೂನಲ್ಲಿ ಊರಿಗೆ ಮೂರು ಸಲ ಹೋಗಿದೀನಿ, ಮೇನಲ್ಲಿ ಒಂದೇ ಸಲ, ಅಂದ್ರೆ ಹೆದ್ದಾರಿ ಕಿಲೋಮೀಟರೂ ಜಾಸ್ತಿ. ನಿನ್ನೆ ಟೈರ್ ಗಾಳಿ ನೋಡಿಸ್ದೆ, ಸರ್ವಿಸಲ್ಲಿ ಸರಿ ಮಾಡಿದ್ದೇ ಹಾಗೇ ಇತ್ತು, ಒಂದು ಟೈರ್ ಮಾತ್ರ ಎರಡು ಪಿಎಸ್ಐ ಕಮ್ಮಿ.

ಕೋಟಿಂಗ್ ಬೇಡ ಅಂತ ಅಂಗಡಿಗೆ ಹೇಳಿ ಬಂದೆ. ಪಾಲಿಶ್ ಮಾಡ್ಸಿದ್ದಕ್ಕೆ ಬೇಜಾರಿಲ್ಲ, ಅಪ್ಪ ಅಂಗಳದಲ್ಲಿ ನಿಂತು ಹೊಸ ಕಾರಿನ ಥರಾನೇ ಇದೆಯಲ್ಲೋ ಅಂದ್ರು. ಈ ಭಾನುವಾರ ಮೈಸೂರಿನವರು ಹೇಳಿದ ಹಾಗೆ ಗ್ರಿಲ್ ಹಿಂದೆ ಮೆಲ್ಲಗೆ ನೀರು ಬಿಟ್ಟು ತೊಳೀತೀನಿ, ಟಾರ್ಚ್ ಹಾಕಿ ನೋಡಿದ್ರೆ ಚಿಟ್ಟೆ, ಹುಳ ಸಿಕ್ಕಾಪಟ್ಟೆ ಅಂಟಿದೆ. ಆಮೇಲೆ ಚನ್ನರಾಯಪಟ್ಟಣದ ಒಂದೇ ಬಂಕಲ್ಲಿ ತುಂಬ್ಸಿ ನಾಲ್ಕು ಟ್ಯಾಂಕ್ ಲೆಕ್ಕ ಬರೆದಿಟ್ಟು ಇಲ್ಲೇ ಹಾಕ್ತೀನಿ.

ಕಾಕಾ, ಒಂದು ಪ್ರಶ್ನೆ, ಬ್ರೇಕ್ ಮತ್ತೆ ಹಿಡ್ಕೊಳ್ಳೋಕೆ ಶುರು ಮಾಡಿದ್ರೆ ವಾಸನೆ ಬರೋ ಮುಂಚೇನೇ ಹೇಗೆ ಗೊತ್ತಾಗುತ್ತೆ?

ನಿವೃತ್ತ_ಸಾರಥಿ:

ಗಾಡಿ ಒಂದು ಮಗ್ಗಲಕ್ಕ ಎಳೀತದ, ಎಕ್ಸಲೇಟರ್ ಬಿಟ್ಟ ಕೂಡ್ಲೆ ಮೊದಲಿನಂಗ ಮುಂದ ಉರುಳದ ಜಗ್ಗಿ ಹಿಡದಂಗ ನಿಲ್ತದ. ದಿನಾ ಆಫೀಸಿನ ಮುಂದ ಗಾಡಿ ನಿಲ್ಲಿಸೋ ಜಾಗಾದಾಗ ಎಲ್ಲಿ ಕಾಲು ತಗದ್ರ ಎಲ್ಲಿತನ ಉರುಳ್ತದ ಅಂತ ಒಂದು ಗುರುತು ಇಟ್ಕೋ. ಮಳಿಗಾಲದಾಗ ರಾತ್ರಿ ಸಪಾಟ ಜಾಗಾದಾಗ ನಿಲ್ಲಿಸಿದ್ರ ಹ್ಯಾಂಡ್‌ಬ್ರೇಕ್ ಎಳೀಬ್ಯಾಡ, ಗೇರಿನ್ಯಾಗ ಬಿಟ್ಟು ಚಕ್ರಕ್ಕ ಕಲ್ಲು ಕೊಡು, ಡ್ರಮ್ಮಿನ್ಯಾಗ ತುಕ್ಕು ಹಿಡದು ಅಂಟ್ಕೊಳ್ಳೂದು ಹೆಚ್ಚಾಗಿ ಹಂಗ. ಮತ್ತ ಬೆಳಿಗ್ಗೆ ಹೊಂಡೂ ಮುಂಚೆ ಆ ಕಲ್ಲು ತಗೀಲಿಕ್ಕೆ ಮರೀಬ್ಯಾಡ.